ಸೂಟಿಯ ಓದು: ಯಾದಗಿರಿ, ಶಹಾಪುರ, ಸುರಪುರದ ಗ್ರಂಥಾಲಯಗಳು ಮತ್ತು ಬೇಸಿಗೆ

ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ದೂರದವರಿಗೆ ಇದು ರಿಯಾಯಿತಿಯಂತೆ ಕಂಡೀತು. ಯಾದಗಿರಿಯಲ್ಲಿ ಒಂದು ಮೇ ತಿಂಗಳು ಕಳೆದವರು ಹಾಗೆ ಹೇಳಲಾರರು. ಪಾದರಸ ನಲವತ್ತೆರಡು ದಾಟಿದ ದಿನ ಶಹಾಪುರದ ಗುಡ್ಡವಾಗಲಿ, ಸುರಪುರದ ಬಂಡೆಗಳ ನಡುವಿನ ಓಣಿಗಳಾಗಲಿ ದೀಪ ಹಚ್ಚುವ ಹೊತ್ತಾದರೂ ಕಾವು ಬಿಡುವುದಿಲ್ಲ. ಶಾಲೆಗೆ ಸೂಟಿ ಇರುವುದೂ ಇದೇ ಹೊತ್ತಿನಲ್ಲಿ, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ, ಹೆಚ್ಚುಕಡಿಮೆ ಏಳು ವಾರ. ಆ ಏಳು ವಾರ ಮಗುವಿನ ಕೈಗೆ ಪುಸ್ತಕ ಕೊಡುವ ಹೊಣೆ ತನ್ನದೆಂದು ಒಪ್ಪಿಕೊಳ್ಳಲು ನಮ್ಮ ಸಾರ್ವಜನಿಕ ಗ್ರಂಥಾಲಯಕ್ಕೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2026ರ ನವೆಂಬರ್ 1ಕ್ಕೆ ರಾಜ್ಯದ ಗ್ರಂಥಾಲಯ ಇಲಾಖೆಗೆ ಅರವತ್ತು ತುಂಬುತ್ತದೆ. ಅರವತ್ತರ ಸಂಚಿಕೆಯಲ್ಲಿ ಕಟ್ಟಡಗಳ ಪಟ್ಟಿ, ಪುಸ್ತಕಗಳ ಸಂಖ್ಯೆ ಹೇಗೂ ಬರುತ್ತವೆ. ಹಾಗಾಗಿ ಇಲ್ಲಿ ಈ ತಡದ ಕಥೆಯನ್ನೇ ಬರೆಯುತ್ತೇನೆ.

ತಡಕ್ಕೆ ಬೇರುಗಳು ಹಳೆಯವು. ಈ ಮೂರು ತಾಲ್ಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಡಳಿತ ಉರ್ದುವಿನಲ್ಲಿ, ಮೇಲಿನ ಶಿಕ್ಷಣ ಉರ್ದುವಿನಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ರಾಜಧಾನಿಯಲ್ಲಿ 1891ರಿಂದ ಆಸಫಿಯಾ ಗ್ರಂಥಾಲಯವಿತ್ತು. ಭೀಮೆಯ ದಂಡೆಯ ಹಳ್ಳಿಗೆ ಅದು ದೆಹಲಿಯಷ್ಟೇ ದೂರ. ಸಭೆ ಸೇರಲು ಅನುಮತಿ ಬೇಕೆಂಬ ‘ಗಸ್ತಿ ನಿಶಾನ್ 53’ರಂಥ ಸುತ್ತೋಲೆಗಳು ಇದ್ದ ಕಾಲ ಅದು. ಸಭೆಗೇ ಅನುಮತಿ ಬೇಕಿದ್ದಲ್ಲಿ ವಾಚನಾಲಯವೂ ರಾಜಕೀಯವಾಗುತ್ತಿತ್ತು. ತೆಲುಗರು 1901ರಲ್ಲೇ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಕಟ್ಟಿ, ಅಲ್ಲಿಂದ ಹಳ್ಳಿಗಳವರೆಗೆ ಗ್ರಂಥಾಲಯ ಚಳವಳಿಯನ್ನೇ ಹರಡಿದರು. ಅಷ್ಟು ಅಗಲವಾದ ಚಳವಳಿ ಕನ್ನಡದ ಕಡೆ ಆಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಸುರಪುರದ ರಂಗಂಪೇಟೆಯ ಕನ್ನಡ ಸಾಹಿತ್ಯ ಸಂಘದಂಥವು ನಾಡಹಬ್ಬದ ನೆಪದಲ್ಲಿ ಕನ್ನಡ ಪುಸ್ತಕ, ಕನ್ನಡ ಭಾಷಣವನ್ನು ಜನರ ನಡುವೆ ಜೀವಂತ ಇಟ್ಟವು. ಕಪಟರಾಳ ಕೃಷ್ಣರಾಯರಂಥವರು ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆದದ್ದೂ ಇದೇ ಹಂಬಲದಿಂದ. ಇಲ್ಲಿ ಪುಸ್ತಕ ಮೊದಲು ಬಂದದ್ದು ದೊಡ್ಡವರ ಸ್ವಾಭಿಮಾನದ ವಸ್ತುವಾಗಿ. ಮಕ್ಕಳ ಆಟದ ವಸ್ತುವಾಗಿ ಅದನ್ನು ಯಾರೂ ನೋಡಲಿಲ್ಲ, ನೋಡುವ ಪುರಸೊತ್ತು ಆಗ ಇರಲೂ ಇಲ್ಲ.

ಕಾಯ್ದೆಯ ಕಥೆ ಚಿಕ್ಕದು. 1955ರಲ್ಲಿ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಮರುವರ್ಷವೇ ರಾಜ್ಯಗಳ ಪುನರ್‌ವಿಂಗಡಣೆಯಾಗಿ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯ 1965ರಲ್ಲಿ ತನ್ನದೇ ಗ್ರಂಥಾಲಯ ಕಾಯ್ದೆ ಮಾಡಿ, ನಮ್ಮ ಭಾಗದಲ್ಲಿದ್ದ ಹೈದರಾಬಾದಿನ ಕಾಯ್ದೆಯನ್ನೂ ಮಂಗಳೂರು, ಕೊಳ್ಳೇಗಾಲದ ಕಡೆ ಇದ್ದ ಮದರಾಸಿನ 1948ರ ಕಾಯ್ದೆಯನ್ನೂ ರದ್ದುಪಡಿಸಿತು. 1966ರ ಏಪ್ರಿಲ್ 1ರಂದು ಕಾಯ್ದೆ ಜಾರಿಗೆ ಬಂತು, ನವೆಂಬರ್ 1ರಂದು ಇಲಾಖೆ ಹುಟ್ಟಿತು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಎರಡು ಇಲ್ಲಿಗೆ ಬೇಕು: ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ವಿಷಯ ಹಿಡಿದು ಪುಸ್ತಕ ಸೂಚಿಸುವ ಪದ್ಧತಿ, ಕಪಾಟಿನ ಮೂಲೆಯಲ್ಲಿ ದೂಳು ಹಿಡಿದದ್ದನ್ನು ಮೇಜಿನ ಮೇಲೆ ತಂದಿಡುವ ಕೆಲಸ, ಎಲ್ಲವೂ ಈ ಎರಡನೆಯ ಮಾತಿನ ಕೂಸುಗಳೇ.

ಕಾಯ್ದೆಯ ಜೀವಾಳ ಇರುವುದು ಕರದಲ್ಲಿ. ಆಸ್ತಿ ತೆರಿಗೆಯ ಮೇಲೆ ಈಗ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ನಗರಸಭೆ, ಪುರಸಭೆ, ಪಂಚಾಯಿತಿಗಳು ಅದನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಓದಿಗೆ ಪ್ರತ್ಯೇಕ ಗಂಟು ಇರುವ ರಾಜ್ಯಗಳು ದೇಶದಲ್ಲಿ ಹೆಚ್ಚಿಲ್ಲ. ಅದಕ್ಕೆ ಕರ್ನಾಟಕವನ್ನು ಮೆಚ್ಚಲೇಬೇಕು. ಆದರೆ ಈ ಲೆಕ್ಕದೊಳಗೆ ಒಂದು ಅನ್ಯಾಯ ಕೂತಿದೆ. ಬೆಂಗಳೂರಿನ ಒಂದು ಬಡಾವಣೆಯ ಆಸ್ತಿ ತೆರಿಗೆಯಲ್ಲಿ ನೂರಕ್ಕೆ 6 ಎಂದರೇನು, ಗುರುಮಠಕಲ್ಲಿನದೋ ಕೆಂಭಾವಿಯದೋ ತೆರಿಗೆಯಲ್ಲಿ ನೂರಕ್ಕೆ 6 ಎಂದರೇನು! ಸಾಕ್ಷರತೆ ಎಲ್ಲಿ ಕಡಿಮೆಯೋ ಅಲ್ಲೇ ಮನೆಗಳ ಬೆಲೆಯೂ ಕಡಿಮೆ, ಕರವೂ ಕಡಿಮೆ, ಪುಸ್ತಕವೂ ಕಡಿಮೆ. ಸರ್ಕಾರದ ಅನುದಾನ ಇದನ್ನು ಸ್ವಲ್ಪ ಸರಿದೂಗಿಸುತ್ತದೆ, ಪೂರ್ತಿ ಸರಿದೂಗಿಸುವುದಿಲ್ಲ.

ಪುಸ್ತಕ ಕೊಳ್ಳುವ ರೀತಿಯಲ್ಲೂ ಮಕ್ಕಳಿಗೆ ಪೆಟ್ಟು ಬಿತ್ತು. ಇಲಾಖೆಯ ಸಗಟು ಖರೀದಿ ಬಹುಕಾಲ ಪುಟದ ಲೆಕ್ಕದಲ್ಲಿ ನಡೆದಿದೆ. ಮುನ್ನೂರು ಪುಟದ ಕಾದಂಬರಿಗೆ ಇದು ನಡೆಯುತ್ತದೆ. ಹದಿನಾರೇ ಪುಟದ, ಪುಟಪುಟಕ್ಕೂ ಬಣ್ಣದ ಚಿತ್ರ ಬೇಕಾದ ಪುಸ್ತಕಕ್ಕೆ ಈ ತಕ್ಕಡಿ ಒಗ್ಗುವುದಿಲ್ಲ. ಕಪಾಟುಗಳಲ್ಲಿ ಮಹಾಪುರುಷರ ಜೀವನಚರಿತ್ರೆ, ನೀತಿಕಥೆ, ಪ್ರಬಂಧ ಸಂಗ್ರಹಗಳು ತುಂಬಿ, ಓದಲು ಈಗಷ್ಟೇ ಕಲಿತ ಏಳು ವರ್ಷದ ಮಗುವಿಗೆ ಬೇಕಾದ್ದು ಸಿಗದೇ ಹೋದದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಭಿಪ್ರಾಯ.

ಹೀಗೆ ಬೆಳೆದ ಗ್ರಂಥಾಲಯ ಯಾರದಾಯಿತು? ಬೆಳಿಗ್ಗೆ ಪೇಪರ್ ಓದುವ ಹಿರಿಯರದು. ಆಮೇಲೆ ಎಫ್‌ಡಿಎ, ಪಿಎಸ್‌ಐ, ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಕೂತ ಯುವಕರದು. ಇದನ್ನು ಹಗುರವಾಗಿ ಕಾಣಬಾರದು. 371(ಜೆ) ವಿಧಿಯಿಂದ ನೌಕರಿಯಲ್ಲಿ ಮೀಸಲಾತಿ ಬಂದ ಮೇಲೆ ನಮ್ಮ ಕಡೆಯ ಬಡಮನೆಯ ಹುಡುಗರಿಗೆ ಒಂದು ಕುರ್ಚಿ, ಒಂದು ಫ್ಯಾನು, ಮಾತಿಲ್ಲದ ಕೋಣೆ ಸಿಕ್ಕಿದ್ದು ಗ್ರಂಥಾಲಯದಲ್ಲೇ. ಆದರೆ ಆ ಮೌನದ ಕೋಣೆಯಲ್ಲಿ ಮಕ್ಕಳಿಗೆ ಜಾಗವಿರಲಿಲ್ಲ. ಮಕ್ಕಳೆಂದರೆ ಗದ್ದಲ. ಹೆಣ್ಣುಮಕ್ಕಳಂತೂ ಹೊಸಿಲು ತುಳಿದದ್ದೇ ಅಪರೂಪ.

2009ರ ಡಿಸೆಂಬರ್ 30ರಂದು ಯಾದಗಿರಿ ರಾಜ್ಯದ ಮೂವತ್ತನೇ ಜಿಲ್ಲೆಯಾಯಿತು, ಮೂರೇ ತಾಲ್ಲೂಕುಗಳೊಂದಿಗೆ. ಮುಂದೆ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಆರಾದವು. 2011ರ ಜನಗಣತಿ ಹೊಸ ಜಿಲ್ಲೆಗೆ ಕನ್ನಡಿ ಹಿಡಿಯಿತು: ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಮಹಿಳೆಯರಲ್ಲಿ ಶೇ 41.38. ರಾಜ್ಯದ ಸರಾಸರಿ ಆಗ ಶೇ 75 ದಾಟಿತ್ತು. 2023 ಮತ್ತು 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಜಿಲ್ಲೆ ಕೊನೆಯ ಸ್ಥಾನದಲ್ಲಿ ಉಳಿದಾಗ ಪತ್ರಿಕೆಗಳು ಮರುಗಿದವು. ಹಾಗೆ ಮರುಗಿದಾಗಲೆಲ್ಲ ಹತ್ತನೇ ತರಗತಿಯವರಿಗೆ ವಿಶೇಷ ತರಗತಿಗಳ ಮಾತು ಏಳುತ್ತದೆ. ಹತ್ತನೇ ತರಗತಿಯಲ್ಲಿ ತಪ್ಪಿದ ಓದು ಮೂರನೇ ತರಗತಿಯ ಸೂಟಿಯಲ್ಲೇ ತಪ್ಪಿ ಹೋಗಿರುತ್ತದೆ ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಇದು ನನ್ನ ಊಹೆಯ ಮಾತಲ್ಲ. ಅಮೆರಿಕದ ಅಟ್ಲಾಂಟಾ ನಗರದ ಮಕ್ಕಳನ್ನು ಗಮನಿಸಿ ಬಾರ್ಬರಾ ಹೈನ್ಸ್ ಎಂಬ ಸಮಾಜಶಾಸ್ತ್ರಜ್ಞೆ 1978ರಲ್ಲಿ ಪ್ರಕಟಿಸಿದ ಪುಸ್ತಕ ಈ ವಿಷಯದಲ್ಲಿ ಪ್ರಸಿದ್ಧ. ಶಾಲೆ ನಡೆಯುವಾಗ ಬಡವರ, ಉಳ್ಳವರ ಮಕ್ಕಳ ಕಲಿಕೆಯ ಅಂತರ ಅಷ್ಟಾಗಿ ಹಿಗ್ಗುವುದಿಲ್ಲ, ಬೇಸಿಗೆಯಲ್ಲಿ ಹಿಗ್ಗುತ್ತದೆ. ರಜೆಯಲ್ಲಿ ಮಕ್ಕಳು ಮಾಡುವ ಕೆಲಸಗಳಲ್ಲಿ ಕಲಿಕೆಗೆ ಹೆಚ್ಚು ಒದಗುವುದು ಪುಸ್ತಕ ಓದುವುದೇ ಎಂದು ಅವರು ಕಂಡರು. ಅಲ್ಲಿಯ ಗ್ರಂಥಾಲಯಗಳು 19ನೇ ಶತಮಾನದ ಕೊನೆಗೇ ಬೇಸಿಗೆ ಓದಿಗೆ ಕೈ ಹಾಕಿದ್ದವು. ಬ್ರಿಟನ್ನಿನಲ್ಲಿ 1999ರಿಂದ ಪ್ರತಿ ವರ್ಷ ಒಂದೊಂದು ವಿಷಯವಿಟ್ಟು, ರಜೆಯಲ್ಲಿ ಆರು ಪುಸ್ತಕ ಓದುವ ಪಂಥ ನಡೆಸುತ್ತಾರೆ. ಅದನ್ನು ಹಾಗೇ ಎತ್ತಿ ತಂದರೆ ಇಲ್ಲಿ ನಡೆಯದು. ಅಲ್ಲಿ ರಜೆ ಎಂದರೆ ಬಿಡುವು. ನಮ್ಮಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋದ ಮಗು ಬೇಸಿಗೆಯಲ್ಲಿ ಅವ್ವ, ಅಪ್ಪನ ಜೊತೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದ ಶೆಡ್ಡಿನಲ್ಲಿರಬಹುದು. ಊರಲ್ಲೇ ಉಳಿದ ಹುಡುಗಿಯ ಕಂಕುಳಲ್ಲಿ ತಮ್ಮ ಇರುತ್ತಾನೆ, ತಲೆ ಮೇಲೆ ಕೊಡ ಇರುತ್ತದೆ. ಸುಗ್ಗಿ ಮುಗಿಸಿ ಗುಳೆ ಹೋದವರು ಮುಂಗಾರಿಗೆ ಮರಳುವ ತನಕ ಊರಲ್ಲಿ ಇರುವವರು ಮುದುಕರು ಮತ್ತು ಈ ಮಕ್ಕಳು.

ಹೊಟ್ಟೆಯ ವಿಚಾರ ಬಿಟ್ಟು ಇಲ್ಲಿ ಓದಿನ ಮಾತಾಡುವಂತಿಲ್ಲ. ರಾಜ್ಯದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ನಮ್ಮದೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಊಟಕ್ಕೆ ಬಂದ ಮಕ್ಕಳು ಉಂಡು ಎದ್ದು ಹೋಗುವ ಬದಲು ಏನಾದರೂ ಓದಲಿ, ಆಡಲಿ ಎಂದು ಶಿಕ್ಷಣ ಇಲಾಖೆ 2017ರ ಬೇಸಿಗೆಯಲ್ಲಿ ಬರದ ತಾಲ್ಲೂಕುಗಳಲ್ಲಿ ‘ಬೇಸಿಗೆ ಸಂಭ್ರಮ’ ನಡೆಸಿತು. ‘ಸ್ವಲ್ಪ ಓದು, ಸ್ವಲ್ಪ ಮೋಜು’ ಎಂಬುದು ಅದರ ಘೋಷವಾಕ್ಯ. ನೀರು, ಆಹಾರ, ಪರಿಸರದಂಥ ವಿಷಯ ಹಿಡಿದು ದಿನಗಳನ್ನು ಜೋಡಿಸಿದ್ದರು. ಸರ್ಕಾರಿ ಕಾರ್ಯಕ್ರಮಗಳಿಗೆ ಇಷ್ಟು ಒಳ್ಳೆಯ ಹೆಸರು ಬೀಳುವುದು ಅಪರೂಪ. ಅದು ಶಾಲೆಯ ಅಂಗಳದಲ್ಲಿ ನಡೆಯಿತು, ಗ್ರಂಥಾಲಯದಲ್ಲಿ ಅಲ್ಲ ಎಂಬುದಷ್ಟೇ ಕೊರತೆ.

ಸುರಪುರ ತಾಲ್ಲೂಕಿಗೆ ಇನ್ನೊಂದು ಅನುಭವವಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್, ಶಿಕ್ಷಣ ಇಲಾಖೆ ಮತ್ತು ಯುನಿಸೆಫ್ ಸೇರಿ ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸ್ನೇಹಿ ಶಾಲೆ ಎಂಬ ಕಾರ್ಯಕ್ರಮ ನಡೆಸಿದವು. ಶಾಲೆಯ ಪುಸ್ತಕಗಳನ್ನು ಮುಖ್ಯ ಗುರುಗಳ ಬೀಗದ ಪೆಟ್ಟಿಗೆಯಿಂದ ಹೊರಗೆ ತಂದು ಮಕ್ಕಳ ಕೈಗೆಟುಕುವಂತೆ ಮಾಡುವುದೂ ಅದರೊಳಗಿನ ಒಂದು ಕೆಲಸ. ಪುಸ್ತಕ ಹರಿದರೆ ಲೆಕ್ಕ ಕೊಡಬೇಕೆಂಬ ಭಯವೇ ನಮ್ಮ ಶಾಲಾ ಗ್ರಂಥಾಲಯಗಳ ದೊಡ್ಡ ಶತ್ರು. ಹರಿಯದ ಪುಸ್ತಕ ಓದಿಸಿಕೊಳ್ಳದ ಪುಸ್ತಕ ಎಂದು ಒಪ್ಪಿಕೊಂಡ ಶಿಕ್ಷಕರು ಎಷ್ಟೋ ಕಲಿಸಿದರು. ಸೂಟಿ ಬಂದಾಗ ಮಾತ್ರ ಶಾಲೆಯ ಬಾಗಿಲಿನ ಜೊತೆ ಆ ಪುಸ್ತಕಗಳ ಬಾಗಿಲೂ ಮುಚ್ಚುತ್ತಿತ್ತು.

ಆ ಬಾಗಿಲು ತೆರೆದದ್ದು ಕಡೆಗೆ ಗ್ರಾಮ ಪಂಚಾಯಿತಿಗಳಿಂದ. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಮೀರಿದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಗ್ರಂಥಾಲಯ ವಲಯದಲ್ಲಿ ಆಗ ಅಸಮಾಧಾನವಿತ್ತು. ನನಗೂ ಅನುಮಾನವಿತ್ತು, ರಸ್ತೆ, ಚರಂಡಿಯ ಇಲಾಖೆಗೆ ಪುಸ್ತಕದ ಗೊಡವೆ ಏಕೆ ಎಂದು. ಆದದ್ದು ಬೇರೆ. 2020ರಲ್ಲಿ ಕೋವಿಡ್ ಶಾಲೆಗಳನ್ನು ಮುಚ್ಚಿಸಿತು. ಆ ವರ್ಷದ ಫೆಬ್ರುವರಿಯಲ್ಲೇ ರಾಜ್ಯದ ಡಿಜಿಟಲ್ ಗ್ರಂಥಾಲಯ ಆರಂಭವಾಗಿತ್ತಾದರೂ ಮನೆಗೊಂದೇ ಫೋನು, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗುವ ಕಡೆ ಅದರಿಂದ ಮಕ್ಕಳಿಗೆ ಆದ ಉಪಯೋಗ ಅಷ್ಟಕ್ಕಷ್ಟೇ. ನವೆಂಬರ್‌ನಲ್ಲಿ ಪಂಚಾಯತ್ ರಾಜ್ ಇಲಾಖೆ ‘ಓದುವ ಬೆಳಕು’ ಆರಂಭಿಸಿ, 6ರಿಂದ 18 ವರ್ಷದ ಮಕ್ಕಳಿಗೆಲ್ಲ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ ಎಂದಿತು. ಠೇವಣಿ ಇಲ್ಲ, ಜಾಮೀನಿಲ್ಲ. ಮಗು ತನ್ನ ಹೆಸರಿನಲ್ಲೇ ಸದಸ್ಯನಾಗುವುದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಕಾಯ್ದೆ ಬಂದು ಐವತ್ತನಾಲ್ಕು ವರ್ಷಕ್ಕೆ ಹಳ್ಳಿಯ ಗ್ರಂಥಾಲಯ ಮಕ್ಕಳನ್ನು ಹೆಸರು ಹಿಡಿದು ಒಳಗೆ ಕರೆದದ್ದು ಹೀಗೆ. ಆಮೇಲಿನ ವರ್ಷಗಳಲ್ಲಿ ಬೇಸಿಗೆ ಶಿಬಿರಗಳು ಬಂದವು: ಗಟ್ಟಿ ಓದು, ಕಥೆ ಹೇಳುವುದು, ಕಾಗದದ ಕೆಲಸ, ಚೆಸ್ಸು, ಸಣ್ಣಪುಟ್ಟ ವಿಜ್ಞಾನ ಪ್ರಯೋಗ. ಈಗ ಈ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ನಮ್ಮ ಜಿಲ್ಲೆಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. ಅವುಗಳ ಗ್ರಂಥಾಲಯಗಳನ್ನು ನಡೆಸುವವರು ಗೌರವಧನದ ಮೇಲೆ ದುಡಿದು ಬಂದ ಮೇಲ್ವಿಚಾರಕರು. ಶಿಬಿರ ಚೆನ್ನಾಗಿ ಆಯಿತೋ ಇಲ್ಲವೋ ಎಂಬುದು ಸುತ್ತೋಲೆಯಿಂದ ತೀರ್ಮಾನವಾಗುವುದಿಲ್ಲ. ಆ ಒಬ್ಬ ಮನುಷ್ಯನಿಗೆ ಗಟ್ಟಿಯಾಗಿ ಕಥೆ ಓದಲು ನಾಚಿಕೆ ಇದೆಯೋ ಇಲ್ಲವೋ ಎಂಬುದರಿಂದ ಆಗುತ್ತದೆ.

ಇಷ್ಟು ಚರಿತ್ರೆ. ಇನ್ನು ಪುಸ್ತಕದ ಮಾತು. ಸೂಟಿಯಲ್ಲಿ ಓದಿರೆಂದು ಮಕ್ಕಳ ಮುಂದೆ ಇಡುವುದೇನು? ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡುವುದು ಸುಲಭ. ಅದರಲ್ಲಿ ಮಲೆನಾಡಿನ ಮಳೆ, ಕರಾವಳಿಯ ಕಡಲು ಬರುತ್ತವೆ. ನಮ್ಮ ಮಕ್ಕಳಿಗೆ ಅವೂ ಬೇಕು. ಆದರೆ ವಿಷಯ ಹುಡುಕಲು ದೂರ ಹೋಗಬೇಕಿಲ್ಲ. ಇಲ್ಲಿ ಕಾಲಿಟ್ಟಲ್ಲೆಲ್ಲ ಸಿಗುವ ವಿಷಯ ಕಲ್ಲು.

ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಸುಣ್ಣದ ಕಲ್ಲಿನ ಚಪ್ಪಡಿ ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗವಿದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದ ಕೊನೆಗೆ ಅಲ್ಲಿ ಉತ್ಖನನ ಮಾಡಿದರು. ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಕಾಲಗಣನೆ ಹೇಳಿತು. ಭಾರತದ ಅತಿ ಹಳೆಯ ಮಾನವ ನೆಲೆಗಳಲ್ಲಿ ಇದೊಂದು. ಅದೇ ಸುತ್ತಿನ ಬೂದಿಹಾಳದಲ್ಲಿ ಅವರೇ ಅಗೆದ ಬೂದಿದಿಬ್ಬ, ದನ ಕಟ್ಟಿ ಬದುಕಿದ 4000 ವರ್ಷ ಹಿಂದಿನವರ ಗುರುತು. ಶಹಾಪುರದ ಮಗ್ಗುಲಲ್ಲೇ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲು ಹಿಡಿದು ಇಟ್ಟ ಬೃಹತ್ ಶಿಲೆಗಳಿವೆ. ಅವನ್ನು ವರ್ಣಿಸಿ ಬರೆದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿದ್ದು ಬಾಲಕ ವೆಂಕಟಪ್ಪ ನಾಯಕನ ಯೋಗಕ್ಷೇಮ ನೋಡಿಕೊಂಡವನು, ಈಗಲೂ ಊರ ಮೇಲೆ ನಿಂತಿರುವ ಟೇಲರ್ ಮಂಜಿಲ್ ಕಟ್ಟಿಸಿದವನು. ಗೋಗಿಯಲ್ಲಿ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿವೆ. ಶಹಾಪುರದ ಗುಡ್ಡಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದು ಮಕ್ಕಳಿಗೆಲ್ಲ ಗೊತ್ತು. ಭೀಮೆಯ ಆಚೆ ದಂಡೆಯ ಸನ್ನತಿ, ಕನಗನಹಳ್ಳಿಯಲ್ಲಿ ನಿಜಕ್ಕೂ ಬೌದ್ಧ ಸ್ತೂಪವಿತ್ತು, ಅಶೋಕನ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿದೆ ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ಬೆಳಿಗ್ಗೆ ಒಂದು ಕಲ್ಲು ನೋಡಿ ಬಂದು, ಬಿಸಿಲೇರಿದ ಮೇಲೆ ಗ್ರಂಥಾಲಯದಲ್ಲಿ ಅದರ ಬಗ್ಗೆ ಓದುವ ಶಿಬಿರಕ್ಕೆ ಇಷ್ಟು ಸಾಮಗ್ರಿ ಸಾಕಲ್ಲ, ಮಿಗುತ್ತದೆ.

ನೀರೂ ಹೀಗೆಯೇ. ಕೃಷ್ಣೆಯ ನಾರಾಯಣಪುರ ಜಲಾಶಯ, ಬಸವಸಾಗರ, ನಮ್ಮ ಬೆಳೆಯನ್ನೂ ಬದುಕನ್ನೂ ಬದಲಿಸಿತು. ಸುರಪುರದ ಅರಸರ ಕಾಲದ ಬೋನಾಳ ಕೆರೆ ಇಂದು ಪಕ್ಷಿಧಾಮ. ಅಲ್ಲಿಗೆ ಹೋಗಿಬಂದ ಮಗುವಿನ ಕೈಗೆ ಪೂರ್ಣಚಂದ್ರ ತೇಜಸ್ವಿಯವರ ‘ಮಿಂಚುಳ್ಳಿ’ ಕೊಡಬೇಕು. ನೀರು ಹಿಡಿದಿಡುವ ಬಗ್ಗೆ ಶ್ರೀ ಪಡ್ರೆ, ಶಿವಾನಂದ ಕಳವೆ ಬರೆದದ್ದನ್ನು ಹೈಸ್ಕೂಲಿನವರು ಸಲೀಸಾಗಿ ಓದಬಲ್ಲರು. ನೇಕಾರ ವಚನಕಾರ ದೇವರ ದಾಸಿಮಯ್ಯನ ಊರು ಮುದನೂರು ನಮ್ಮದೇ. ಅವನ ವಚನಗಳು ಚಿಕ್ಕವು, ಮಾತು ನೇರ. ಅಕ್ಷರ ಕೂಡಿಸಿ ಓದುವ ಮಗುವೂ ಒಂದನ್ನು ಪೂರ್ತಿ ಓದಿ ಮುಗಿಸಬಹುದು. ಪೂರ್ತಿ ಓದಿದೆ ಎಂಬ ಹೆಮ್ಮೆ ಚಿಕ್ಕ ಮಕ್ಕಳಿಗೆ ಬೇಕು. ಸಿದ್ಧಯ್ಯ ಪುರಾಣಿಕರ ಮಕ್ಕಳ ಪದ್ಯಗಳು ಈ ಸೀಮೆಯ ಬಾಯಿಗೆ ಒಗ್ಗುವಂಥವು. ಶಿವರಾಮ ಕಾರಂತರ ‘ಬಾಲ ಪ್ರಪಂಚ’, ನಿರಂಜನರ ಸಂಪಾದಕತ್ವದ ‘ಜ್ಞಾನ ಗಂಗೋತ್ರಿ’ ಹಳತಾದರೂ ಮೇಜಿನ ಮೇಲಿರಲಿ. ಪುಟ ತಿರುವುವುದೂ ಓದೇ. ಉರ್ದು ಓದುವ ಮಕ್ಕಳು ಯಾದಗಿರಿ, ಶಹಾಪುರದಲ್ಲಿ ಸಾಕಷ್ಟಿದ್ದಾರೆ, ಗುರುಮಠಕಲ್ ಕಡೆ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ತಾಂಡಾಗಳಲ್ಲಿ ಲಂಬಾಣಿ ಇದೆ. ಪಟ್ಟಿ ಮಾಡುವವರು ಇದನ್ನು ಮರೆತರೆ ಅರ್ಧ ಮಕ್ಕಳು ಹೊರಗೇ ಉಳಿಯುತ್ತಾರೆ.

ವ್ಯವಸ್ಥೆಯ ಬಗ್ಗೆ ಎರಡು ಮಾತು ಸಾಕು. ಕಚೇರಿಗಳ ವೇಳೆ ಗ್ರಂಥಾಲಯದ ವೇಳೆ ಆಗಬಾರದು: ಮಕ್ಕಳಿಗೆ ನೆರಳು ಬೇಕಾಗುವುದು ಕಚೇರಿ ಮುಚ್ಚುವ ಒಂದೂವರೆಯಿಂದ ಐದರವರೆಗೆ. ತಮ್ಮ, ತಂಗಿಯನ್ನು ಎತ್ತಿಕೊಂಡು ಬಂದ ಹುಡುಗಿಯನ್ನು ಒಳಗೆ ಬಿಡಬೇಕು. ಗುಳೆ ಹೊರಟ ಮಗುವಿಗೆ ಒಂದೆರಡು ಪುಸ್ತಕ ಕಟ್ಟಿಕೊಟ್ಟು, ಮುಂಗಾರಿಗೆ ಮರಳಿ ಪಡೆಯುವಷ್ಟು ಧೈರ್ಯ ರಿಜಿಸ್ಟರಿಗೆ ಬರಬೇಕು. ಕಳೆದುಹೋದ ಪುಸ್ತಕದ ಬೆಲೆ ಮೇಲ್ವಿಚಾರಕರ ಜೇಬಿಗೆ ಬೀಳದಂತೆ ಜಿಲ್ಲಾ ಪಂಚಾಯಿತಿ ನೋಡಿಕೊಂಡರೆ ಇದು ಆಗದ ಕೆಲಸವೇನಲ್ಲ. ಇನ್ನು ಶಿಬಿರವನ್ನು ಟ್ಯೂಷನ್ ಮಾಡಬಾರದು. ಮಾಡಿದ ದಿನವೇ ಮಕ್ಕಳು ಗುಡ್ಡದ ಕಡೆ ಓಡುತ್ತಾರೆ, ಓಡುವುದೇ ಸರಿ.

ಕಡೆಗೆ ಒಂದು ಕೋರಿಕೆ, ನಮ್ಮ ಸೀಮೆಯಿಂದ ಹೋಗಿ ಬೆಂಗಳೂರು, ಧಾರವಾಡ, ಹೈದರಾಬಾದಿನಲ್ಲಿ ನೆಲೆಸಿದ ಬರಹಗಾರರಿಗೆ, ಇಲ್ಲೇ ಇರುವ ಶಿಕ್ಷಕರಿಗೆ, ಸುರಪುರದ ಗರುಡಾದ್ರಿ ಮನೆತನದ ಕಿರುಚಿತ್ರ ಪರಂಪರೆಯನ್ನು ಬಲ್ಲ ಚಿತ್ರಕಾರರಿಗೆ. ಇಸಾಂಪುರದ ಬಗ್ಗೆ ಇಂಗ್ಲಿಷಿನಲ್ಲಿ ವಿದ್ವತ್ ಲೇಖನಗಳಿವೆ. ಹತ್ತು ವರ್ಷದ ಮಗು ಓದುವಂಥ ಕನ್ನಡದ ಚಿತ್ರಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ವಿಭೂತಿಹಳ್ಳಿ, ಬೂದಿಹಾಳ, ಬೋನಾಳಕ್ಕೂ ಇದೇ ಮಾತು. ಇಪ್ಪತ್ನಾಲ್ಕು ಪುಟ ಸಾಕು, ಬಣ್ಣ ಇರಲಿ, ಭಾಷೆ ನಮ್ಮ ಕಡೆಯದಿರಲಿ. ದಯವಿಟ್ಟು ಈ ಮಳೆಗಾಲದಲ್ಲೇ ಬರೆಯಲು ಕೂತು, ಬರುವ ಏಪ್ರಿಲ್ ಹತ್ತರೊಳಗೆ ಅದನ್ನು ಹುಣಸಗಿಯ ಗ್ರಂಥಾಲಯಕ್ಕೆ ಮುಟ್ಟಿಸಿ.